ನೋವಿಗೂ ಮುಂಚೆ: ಹುಳುಕು ಹಲ್ಲಿನ ಕಥೆ

(ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸಕ್ಕೆ ಹಲ್ಲಿನ ವಿಷಯವೇ ಎಂದು ಇಲ್ಲಿ ಕೆಲವರಾದರೂ ಹುಬ್ಬೇರಿಸಿರಬೇಕು. ಹೃದಯಕ್ಕೆ, ಕ್ಯಾನ್ಸರ್‌ಗೆ, ಮಧುಮೇಹಕ್ಕೆ ಸಲ್ಲುವ ಮರ್ಯಾದೆ ಹಲ್ಲಿಗೆ ಎಂದೂ ಸಂದಿಲ್ಲ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಬಾಯಿಯ ಆರೋಗ್ಯದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳು ಹುಳುಕಾಗಿವೆ. ಹಾಲುಹಲ್ಲು ಹುಳುಕಾದ ಮಕ್ಕಳೇ 51 ಕೋಟಿಗೂ ಹೆಚ್ಚು. ಇಷ್ಟೊಂದು ಜನರನ್ನು ಹಿಡಿದಿರುವ, ಇಷ್ಟೊಂದು ಸುಲಭವಾಗಿ ತಡೆಯಬಹುದಾದ ರೋಗ ಇನ್ನೊಂದು ಸಿಗುವುದು ಕಷ್ಟ.

ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಹಲ್ಲು ಹುಳುಕಾಗುವುದು ಒಂದು ದಿನ ಆಗಿಬಿಡುವ ಅವಘಡವಲ್ಲ. ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ನಡೆಯುವ ಹಗ್ಗಜಗ್ಗಾಟ ಅದು. ಅದನ್ನು ತಡೆಯಲು, ಹಿಂದಕ್ಕೆ ತಿರುಗಿಸಲೂ ನಮಗೆ ಸಾಕಷ್ಟು ಕಾಲಾವಕಾಶ ಸಿಗುತ್ತದೆ. ತೊಂದರೆಯೆಂದರೆ, ಆ ಅವಧಿಯುದ್ದಕ್ಕೂ ನೋವು ಎಂಬುದೇ ಇರುವುದಿಲ್ಲ. ನೋವು ಶುರುವಾದಾಗ ಅವಕಾಶ ಮುಗಿದಿರುತ್ತದೆ. ನಾವೋ, ನೋವು ಬರಲಿ ಆಮೇಲೆ ನೋಡೋಣ ಎನ್ನುವವರು.

1. ಹುಳುವಿನಿಂದ ಸೂಕ್ಷ್ಮಾಣುವಿಗೆ

ಹಲ್ಲನ್ನು ಹುಳು ತಿನ್ನುತ್ತದೆ ಎಂಬ ನಂಬಿಕೆ ನಮ್ಮದಷ್ಟೇ ಅಲ್ಲ. ಪ್ರಾಚೀನ ಮೆಸೊಪೊಟೇಮಿಯಾದ ಮಣ್ಣಿನ ಹಲಗೆಗಳಲ್ಲಿಯೂ ಹಲ್ಲಿನ ಹುಳು ಇದೆ. ನಮ್ಮ ಸಂತೆ ಜಾತ್ರೆಗಳಲ್ಲಿ ಹುಳು ತೆಗೆಯುವವರನ್ನು ಕಂಡ ಹಿರಿಯರು ಈ ಸಭೆಯಲ್ಲೂ ಇರಬಹುದು. ಕೆಂಡದ ಮೇಲೆ ನೆಲಗುಳ್ಳದ ಬೀಜ ಉದುರಿಸಿ, ಕೊಳವೆಯ ಮೂಲಕ ಹೊಗೆಯನ್ನು ನೊಂದ ಹಲ್ಲಿಗೆ ಹಿಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಪಾತ್ರೆಯ ನೀರಿನಲ್ಲಿ ಬಿಳಿಯ, ಸುರುಳಿಯಾದ ಸಣ್ಣ ಎಳೆಗಳು ತೇಲುತ್ತಿದ್ದವು. ಇಗೋ ಹುಳು! ನಿಜವೇನೆಂದರೆ, ಬೀಜ ಬಿಸಿಗೆ ಸಿಡಿದಾಗ ಅದರೊಳಗಿನ ಮೊಳಕೆಯ ಎಳೆ ಹೊರಬೀಳುತ್ತದೆ. ನೋಡಿದವರು ಹುಳುವೆಂದೇ ನಂಬುವಂತೆ ಅದು ಕಾಣುತ್ತದೆ. ಯುರೋಪಿನಲ್ಲಿಯೂ ಇದೇ ಸಸ್ಯಕುಟುಂಬದ ಬೇರೊಂದು ಗಿಡದ ಬೀಜದಿಂದ ಇದೇ ಪ್ರದರ್ಶನ ನಡೆಯುತ್ತಿತ್ತು. ಫ್ರಾನ್ಸಿನ ಪಿಯರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ, ತಾನು ಹುಡುಕಿದರೂ ಹಲ್ಲಿನಲ್ಲಿ ಹುಳು ಕಾಣಲಿಲ್ಲ ಎಂದು ದಾಖಲಿಸಿದ.

ಇದನ್ನು ಹೇಳಿ ಹಿಂದಿನವರನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಸಿಕ್ಕ ಒಂಬತ್ತು ಮಂದಿಯ ಅಸ್ಥಿಗಳಲ್ಲಿ ಹನ್ನೊಂದು ದವಡೆ ಹಲ್ಲುಗಳನ್ನು ಕಲ್ಲಿನ ಮೊನೆಯಿಂದ ಅಚ್ಚುಕಟ್ಟಾಗಿ ಕೊರೆಯಲಾಗಿದೆ. ಅವು 7500ರಿಂದ 9000 ವರ್ಷಗಳಷ್ಟು ಹಳೆಯವು. ಕೊರೆದ ಅಂಚುಗಳು ಸವೆದಿವೆ, ಎಂದರೆ ಕೊರೆಸಿಕೊಂಡವರು ಆಮೇಲೂ ಬದುಕಿ ಆ ಹಲ್ಲಿನಲ್ಲೇ ಅಗಿದಿದ್ದಾರೆ.

ಕಾರಣದ ಎಳೆ ಸಿಕ್ಕಿದ್ದು ತೀರಾ ಈಚೆಗೆ. ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವಿಲೋಬಿ ಮಿಲ್ಲರ್ 1890ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ ಪಿಷ್ಟಗಳನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ತೋರಿಸಿದ. 1924ರಲ್ಲಿ ಲಂಡನ್ನಿನ ಕ್ಲಾರ್ಕ್ ಹುಳುಕು ಹಲ್ಲಿನಿಂದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. 1950ರ ದಶಕದಲ್ಲಿ ಅಮೆರಿಕದ ಆರ್ಲಾಂಡ್ ಮತ್ತು ಸಂಗಡಿಗರು ಯಾವ ಸೂಕ್ಷ್ಮಾಣುವೂ ಇಲ್ಲದ ವಾತಾವರಣದಲ್ಲಿ ಇಲಿಗಳನ್ನು ಸಾಕಿ ಸಕ್ಕರೆ ತುಂಬಿದ ಆಹಾರ ಕೊಟ್ಟರು. ಹಲ್ಲು ಹುಳುಕಾಗಲೇ ಇಲ್ಲ. ಬ್ಯಾಕ್ಟೀರಿಯಾ ಇಲ್ಲದೆ ಸಕ್ಕರೆ ಏನೂ ಮಾಡಲಾರದು ಎಂಬುದು ಅಲ್ಲಿಗೆ ಖಚಿತವಾಯಿತು. ಆದರೆ ನಮ್ಮ ಬಾಯಿಯಿಂದ ಬ್ಯಾಕ್ಟೀರಿಯಾಗಳನ್ನು ಪೂರ್ತಿ ಓಡಿಸಲು ಆಗದು. ಆದ್ದರಿಂದ ನಮ್ಮ ಕೈಯಲ್ಲಿ ಉಳಿಯುವುದು ಅವಕ್ಕೆ ನಾವು ಏನನ್ನು, ಎಷ್ಟು ಸಲ ಉಣಿಸುತ್ತೇವೆ ಎಂಬುದು.

2. ಎಷ್ಟು ಎಂಬುದಕ್ಕಿಂತ ಎಷ್ಟು ಸಲ

ಹಲ್ಲಿನ ಹೊರಪದರ ಎನಾಮಲ್. ತೂಕದಲ್ಲಿ ಅದರ ಶೇ. 96ರಷ್ಟು ಖನಿಜ, ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಕುಳಿ ಬಿದ್ದ ಎನಾಮಲ್ ತಾನಾಗಿ ತುಂಬಿಕೊಳ್ಳುವುದಿಲ್ಲ. ಅದರ ಕೆಳಗೆ ಸ್ವಲ್ಪ ಮೆತ್ತನೆಯ ಡೆಂಟಿನ್, ಅದರೊಳಗೆ ನರ ಮತ್ತು ರಕ್ತನಾಳಗಳಿರುವ ಮಜ್ಜೆ.

ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳ ಅಂಟುಪೊರೆಯಲ್ಲಿ ಆಮ್ಲ ಹುಟ್ಟುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಿಂದ ಖನಿಜ ಕರಗಿ ಹೊರಹೋಗತೊಡಗುತ್ತದೆ. ಆಮೇಲೆ ಜೊಲ್ಲು ತನ್ನ ಕೆಲಸ ಶುರುಮಾಡುತ್ತದೆ: ಆಮ್ಲವನ್ನು ತಣಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟನ್ನು ಮತ್ತೆ ಹಲ್ಲಿಗೆ ತುಂಬುತ್ತದೆ. ಹೀಗೆ ಪಿಎಚ್ ಇಳಿದು ಏರುವ ರೇಖೆಯನ್ನು 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಅಳೆದು ತೋರಿಸಿದರು. ಇಳಿಯಲು ಕೆಲವು ನಿಮಿಷ ಸಾಕು; ಮೇಲೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಲ್ಲಿನ ಹಣೆಬರಹವೆಲ್ಲ ಈ ಅಂತರದಲ್ಲಿದೆ.

ಈಗ ನಮ್ಮ ದಿನಚರಿಯನ್ನು ನೋಡಿ. ಬೆಳಗ್ಗೆ ಕಾಫಿ, ತಿಂಡಿಯ ಜೊತೆ ಇನ್ನೊಂದು, ಹನ್ನೊಂದಕ್ಕೆ ಆಫೀಸಿನ ಎದುರಿನ ಹೋಟೆಲಿನಲ್ಲಿ ಬೈಟು, ಊಟವಾದ ಮೇಲೆ ಸಿಹಿ ಬೀಡಾ, ನಾಲ್ಕಕ್ಕೆ ಬಿಸ್ಕತ್ತು ಅದ್ದಿದ ಚಹಾ, ಸಂಜೆ ಯಾರದೋ ಮನೆಯಲ್ಲಿ ಮತ್ತೊಂದು. ಬೈಟುವಿನಲ್ಲಿ ಸಕ್ಕರೆ ಅರ್ಧವಾದರೂ ಹಲ್ಲಿಗೆ ಬೀಳುವ ಪೆಟ್ಟು ಅರ್ಧವಾಗುವುದಿಲ್ಲ. ಲೋಟ ಎಷ್ಟೇ ಚಿಕ್ಕದಿರಲಿ, ಪಿಎಚ್ ಇಳಿಯಿತೆಂದರೆ ಜೊಲ್ಲಿಗೆ ಮತ್ತೆ ಅರ್ಧ ಮುಕ್ಕಾಲು ಗಂಟೆಯ ಕೆಲಸ. ಅದು ಮುಗಿಯುವ ಮೊದಲೇ ಮುಂದಿನ ಗುಟುಕು ಬಂದರೆ ಆ ದಿನದ ಜಮೆಗಿಂತ ಖರ್ಚೇ ಹೆಚ್ಚಾಗುತ್ತದೆ.

ಇದಕ್ಕೆ ಸಾಕ್ಷಿಯಾಗಿ ಎಲ್ಲ ಪಠ್ಯಪುಸ್ತಕಗಳೂ ಹೇಳುವ ಅಧ್ಯಯನ ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯದು. 1940ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಬುದ್ಧಿಮಾಂದ್ಯ ರೋಗಿಗಳಿಗೆ ಸಕ್ಕರೆಯನ್ನು ಬೇರೆ ಬೇರೆ ರೀತಿ ತಿನ್ನಿಸಲಾಯಿತು. ಊಟದ ಜೊತೆಗೇ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟಗಳ ನಡುವೆ ಹಲ್ಲಿಗೆ ಅಂಟುವ ಟಾಫಿ ತಿಂದವರಲ್ಲಿ ಒಮ್ಮೆಲೇ ಏರಿತು. ಆ ರೋಗಿಗಳು ಒಪ್ಪಿಗೆ ಕೊಟ್ಟಿರಲಿಲ್ಲ, ಕೊಡುವ ಸ್ಥಿತಿಯಲ್ಲೂ ಇರಲಿಲ್ಲ. ಅವರ ಹಲ್ಲುಗಳನ್ನು ಹಾಳುಮಾಡಿ ಪಡೆದ ತಿಳಿವಳಿಕೆ ಇದು ಎಂಬುದನ್ನು ಹೇಳದೆ ಈ ಅಧ್ಯಯನವನ್ನು ಹೆಸರಿಸಬಾರದು. ಅದರ ಫಲವಾಗಿ ಸ್ವೀಡನ್ನಿನಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ, ಶನಿವಾರ ಮಾತ್ರ ಸಿಹಿ ಎಂಬ ರೂಢಿ ಬೆಳೆಯಿತು.

ಸಕ್ಕರೆ ಬೇಡ, ಬೆಲ್ಲ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಹಲ್ಲಿನ ಮಟ್ಟಿಗೆ ಎರಡೂ ಒಂದೇ. ಜೇನುತುಪ್ಪಕ್ಕೂ ರಿಯಾಯಿತಿ ಇಲ್ಲ. ಸಂಕ್ರಾಂತಿಯಂದು ಎಳ್ಳುಬೆಲ್ಲ ತಿನ್ನುವುದರಿಂದ ಯಾವ ಹಲ್ಲೂ ಹಾಳಾಗುವುದಿಲ್ಲ. ಅಂದು ಬಂದ ಸಕ್ಕರೆ ಅಚ್ಚುಗಳನ್ನು ಡಬ್ಬಿಯಲ್ಲಿಟ್ಟು ಮಗು ವಾರವಿಡೀ ಚೀಪುತ್ತಾ ಓಡಾಡಿದರೆ ಹಾಳಾಗುತ್ತದೆ. ಹೋಳಿಗೆ ತಿನ್ನಿ, ಊಟದೊಂದಿಗೇ ತಿನ್ನಿ, ಮೇಲೆ ನೀರು ಕುಡಿಯಿರಿ. ಎರಡು ಊಟಗಳ ನಡುವೆ ಬಾಯಿಗೆ ಬಿಡುವು ಕೊಡಿ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ ರಾತ್ರಿ ಮಲಗುವ ಮುನ್ನ ಹಲ್ಲುಜ್ಜುವುದು ಬೆಳಗಿನದಕ್ಕಿಂತಲೂ ಮುಖ್ಯ. ನಮ್ಮಲ್ಲಿ ಬೆಳಗಿನದು ಶಾಸ್ತ್ರದಂತೆ ನಡೆಯುತ್ತದೆ, ರಾತ್ರಿಯದು ಬಿಟ್ಟುಹೋಗುತ್ತದೆ.

ಜೊಲ್ಲೇ ಕಡಿಮೆಯಾದವರ ಕಷ್ಟ ಬೇರೆ. ಹತೋಟಿಯಲ್ಲಿಲ್ಲದ ಮಧುಮೇಹಿಗಳು, ಬಾಯಿ ಒಣಗಿಸುವ ಮಾತ್ರೆಗಳನ್ನು ನಿತ್ಯ ನುಂಗುವವರು, ಬಾಯಿ ಗಂಟಲಿನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆದವರು, ಇವರ ಹಲ್ಲುಗಳು ನೋಡನೋಡುತ್ತಿದ್ದಂತೆ ಹುಳುಕಾಗುತ್ತವೆ. ವಿಕಿರಣ ಆರಂಭಿಸುವ ಮೊದಲೇ ಅವರನ್ನು ದಂತವೈದ್ಯರು ಒಮ್ಮೆ ನೋಡಿರಬೇಕು.

3. ಬಿಳಿಯ ಮಚ್ಚೆ

ಹುಳುಕೆಂದರೆ ಕಪ್ಪು ಕುಳಿ ಎಂಬುದು ನಮ್ಮ ಮನಸ್ಸಿನ ಚಿತ್ರ. ಆದರೆ ಅದು ಶುರುವಾಗುವುದು ಬಿಳಿಯಾಗಿ. ಒಸಡಿನ ಅಂಚಿಗೆ ಸೀಮೆಸುಣ್ಣ ಎಳೆದಂತೆ ಹೊಳಪಿಲ್ಲದ ಒಂದು ಮಚ್ಚೆ. ಹಲ್ಲು ಒದ್ದೆಯಾಗಿದ್ದಾಗ ಅದು ಕಾಣುವುದೇ ಇಲ್ಲ. ಹತ್ತಿಯಿಂದ ಒರಸಿ, ಕೆಲವು ಸೆಕೆಂಡು ಗಾಳಿ ಊದಿ ನೋಡಿದರೆ ನಿಧಾನವಾಗಿ ಎದ್ದು ಬರುತ್ತದೆ. ಖನಿಜ ಹೊರಟುಹೋದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳಾಗಿರುತ್ತವೆ. ಅವುಗಳಲ್ಲಿ ನೀರಿರುವಷ್ಟು ಹೊತ್ತು ಬೆಳಕು ಹೆಚ್ಚು ಚದುರದೆ ಹಾಯುತ್ತದೆ. ನೀರಾರಿ ಗಾಳಿ ತುಂಬಿದಾಗ ಬೆಳಕು ಚದುರಿ ಜಾಗ ಬೆಳ್ಳಗೆ ಕಾಣುತ್ತದೆ. ಒಣಗಿಸದೆಯೂ ಕಾಣುವ ಮಚ್ಚೆ ಇನ್ನಷ್ಟು ಆಳಕ್ಕೆ ಹೋಗಿದೆ ಎಂದರ್ಥ.

ಈ ಹಂತದಲ್ಲಿ ಮೇಲ್ಮೈ ಇನ್ನೂ ಕುಸಿದಿರುವುದಿಲ್ಲ. ಮೊನಚು ಸಲಾಕೆಯಿಂದ ಕೆದಕಬಾರದು, ಡ್ರಿಲ್ ಮುಟ್ಟಿಸಬಾರದು. ಅಂಟುಪೊರೆ ತೆಗೆದು, ಫ್ಲೋರೈಡ್ ಕೊಟ್ಟು, ಸಿಹಿ ತಿನ್ನುವ ಸಲಗಳನ್ನು ಇಳಿಸಿದರೆ ಖನಿಜ ಮರಳಿ ಸೇರುತ್ತದೆ. ಮಚ್ಚೆ ಗಟ್ಟಿಯಾಗುತ್ತದೆ, ಹೊಳಪು ಮರಳುತ್ತದೆ. ಇದನ್ನು ಮೀರಿ ಡೆಂಟಿನ್‌ಗೆ ಇಳಿದರೆ ಹುಳುಕು ಅಗಲಕ್ಕೆ ಹರಡುತ್ತದೆ. ಗೆದ್ದಲು ಹಿಡಿದ ಬಾಗಿಲಿನ ಹಾಗೆ ಹೊರಗೆಲ್ಲ ಸರಿಯಾಗಿದ್ದು ಒಳಗೆ ಟೊಳ್ಳು. ಒಂದು ದಿನ ಚಕ್ಕುಲಿ ಕಡಿಯುವಾಗ ಚೂರು ಮುರಿದು ಬೀಳುತ್ತದೆ; ಹಲ್ಲು ಇವತ್ತು ಹಾಳಾಯಿತು ಎಂದು ಚಕ್ಕುಲಿಯನ್ನು ಬೈಯುತ್ತೇವೆ.

4. ಫ್ಲೋರೈಡ್: ನಮ್ಮ ನಾಡಿನ ಇಕ್ಕಟ್ಟು

1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿನವರ ಹಲ್ಲುಗಳ ಮೇಲೆ ಕಂದು ಕಲೆ ಕಂಡ. ವಿಚಿತ್ರವೆಂದರೆ ಆ ಕಲೆಯ ಹಲ್ಲುಗಳು ಹುಳುಕಾಗುವುದು ಕಡಿಮೆ. ಮೂವತ್ತು ವರ್ಷಗಳ ನಂತರ, 1931ರಲ್ಲಿ, ರಸಾಯನಶಾಸ್ತ್ರಜ್ಞ ಚರ್ಚಿಲ್ ಎಂಬಾತ ಇಂಥ ಕಲೆಯಿರುವ ಊರುಗಳ ನೀರಿನಲ್ಲಿ ಹೆಚ್ಚು ಫ್ಲೋರೈಡ್ ಇದೆ ಎಂದು ಪತ್ತೆಮಾಡಿದ. ಲೀಟರಿಗೆ ಒಂದು ಮಿಲಿಗ್ರಾಂನಷ್ಟಿದ್ದರೆ ಕಲೆ ಅಷ್ಟಾಗಿ ಬಾರದೆ ಹುಳುಕು ಇಳಿಯುತ್ತದೆ ಎಂದು ಟ್ರೆಂಡ್ಲಿ ಡೀನ್ ಲೆಕ್ಕ ಹಾಕಿದ. 1945ರ ಜನವರಿಯಲ್ಲಿ ಗ್ರ್ಯಾಂಡ್ ರಾಪಿಡ್ಸ್ ನಗರದ ಕುಡಿಯುವ ನೀರಿಗೆ ಫ್ಲೋರೈಡ್ ಸೇರಿಸಲಾಯಿತು. ಹಾಗೆ ಮಾಡಿದ ಮೊದಲ ನಗರ ಅದು.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಗದಗ, ಕೊಪ್ಪಳ, ರಾಯಚೂರಿನ ಕಡೆಯವರಿಗೆ ಈ ಕಥೆ ತಲೆಕೆಳಗಾಗಿ ಕೇಳಿಸಬೇಕು. ಅಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಹಜವಾಗಿಯೇ 1.5 ಮಿಲಿಗ್ರಾಂನ ಮಿತಿಯನ್ನು ದಾಟಿದೆ. ಕೆರೆ ಬತ್ತಿ, ಬೋರು ಆಳಕ್ಕೆ ಇಳಿದಂತೆಲ್ಲ ಗ್ರಾನೈಟ್ ಕಲ್ಲಿನ ಫ್ಲೋರೈಡ್ ನೀರಿಗೆ ಬಂತು. ಮಕ್ಕಳ ಹಲ್ಲಿನ ಮೇಲೆ ಬಿಳಿ ಗೆರೆ, ಕಂದು ಕಲೆ. ದಶಕಗಟ್ಟಲೆ ಕುಡಿದವರಲ್ಲಿ ಬಿಗಿದ ಬೆನ್ನು, ಬಾಗಿದ ಕಾಲು. ಅಲ್ಲಿ ಬೇಕಿರುವುದು ಫ್ಲೋರೈಡ್ ಸೇರಿಸುವುದಲ್ಲ, ತೆಗೆಯುವುದು.

ಇದರಿಂದ ಎರಡು ಗೊಂದಲಗಳು ಹುಟ್ಟಿವೆ. ಮೊದಲನೆಯದು, ಹೆಚ್ಚು ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್ ಎಂಬ ತೊಂದರೆಯ ಕಲೆಯನ್ನೇ ಹುಳುಕೆಂದು ತಿಳಿಯುವುದು. ಕಲೆಯ ಹಲ್ಲು ಹುಟ್ಟುವಾಗಲೇ ಹಾಗಿರುತ್ತದೆ, ಎಡ ಬಲ ಜೋಡಿಹಲ್ಲುಗಳಲ್ಲಿ ಒಂದೇ ತೆರನಾಗಿ ಕಾಣುತ್ತದೆ. ಹುಳುಕು ಆಮೇಲೆ ಬರುವಂಥದು, ಅಂಟುಪೊರೆ ನಿಲ್ಲುವ ಜಾಗದಲ್ಲೇ ಬರುತ್ತದೆ. ಎರಡನೆಯದು, ಫ್ಲೋರೈಡ್ ವಿಷ ಎಂದು ಅದಿರುವ ಪೇಸ್ಟನ್ನೇ ಬಿಡುವುದು. ಫ್ಲೋರೋಸಿಸ್ ಬರುವುದು ನುಂಗಿದ ಫ್ಲೋರೈಡಿನಿಂದ. ಹಲ್ಲಿನ ಮೇಲಾದರೆ ಅದು ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಎಳವೆಯಲ್ಲಿ. ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲ್ಮೈಯಲ್ಲಿ ಕೆಲಸ ಮಾಡಿ ಉಗುಳಿನೊಂದಿಗೆ ಹೊರಹೋಗುತ್ತದೆ. ಅದು ಸೇರಿಕೊಂಡ ಖನಿಜ ಪಿಎಚ್ ಸುಮಾರು 4.5ರವರೆಗೂ ಕರಗದೆ ತಾಳುತ್ತದೆ. ಭಾರತದ ಕಾನೂನು ಪೇಸ್ಟಿನಲ್ಲಿ 1000 ಪಿಪಿಎಂವರೆಗೆ ಫ್ಲೋರೈಡಿಗೆ ಅವಕಾಶ ಕೊಟ್ಟಿದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ಉಜ್ಜಿಸುವುದು ದೊಡ್ಡವರ ಕೆಲಸ. ಉಗುಳಬೇಕು, ಆದರೆ ನೀರು ಮುಕ್ಕಳಿಸಿ ಪೂರ್ತಿ ತೊಳೆದುಬಿಡಬಾರದು.

ಬೇವಿನ ಕಡ್ಡಿ ಚೆನ್ನಾಗಿ ಅಗಿದು ಉಜ್ಜಿದರೆ ಹಲ್ಲು ಸ್ವಚ್ಛವಾಗುತ್ತದೆ, ಆದರೆ ಅದರಿಂದ ಫ್ಲೋರೈಡ್ ಸಿಗುವುದಿಲ್ಲ. ಗಿಡಮೂಲಿಕೆಯ ಹೆಸರಿನ ಎಷ್ಟೋ ಪೇಸ್ಟುಗಳಲ್ಲಿಯೂ ಇರುವುದಿಲ್ಲ. ಕೊಳ್ಳುವ ಮುನ್ನ ಡಬ್ಬಿಯ ಮೇಲೆ ಓದಿ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಎನಾಮಲ್ಲನ್ನು ಸವೆಸುತ್ತವೆ. ತಂಬಾಕು ಬೆರೆಸಿದ ಹಲ್ಲುಪುಡಿಯನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೂ ಹಲ್ಲುನೋವಿಗೆ ಹೊಗೆಸೊಪ್ಪು ಒತ್ತಿಕೊಳ್ಳುವ ಅಭ್ಯಾಸ ಹಳ್ಳಿಗಳಿಂದ ಹೋಗಿಲ್ಲ.

5. ಬೀಳುವ ಹಲ್ಲು, ಉಳಿಯುವ ಹಲ್ಲು

ಹಾಲುಹಲ್ಲು ಹೇಗೂ ಬೀಳುತ್ತದಲ್ಲ, ಚಿಕಿತ್ಸೆ ಯಾಕೆ? ನನಗೆ ಅತಿ ಹೆಚ್ಚು ಬಾರಿ ಎದುರಾದ ಪ್ರಶ್ನೆ ಇದು. ಹಿಂಬದಿಯ ಹಾಲುಹಲ್ಲು ಬೀಳುವುದು ಹತ್ತು ಹನ್ನೆರಡನೇ ವಯಸ್ಸಿಗೆ. ಅಲ್ಲಿಯವರೆಗೆ ಮಗು ಅಗಿಯಬೇಕು, ನಿದ್ದೆ ಮಾಡಬೇಕು, ಪಾಠ ಕೇಳಬೇಕು. ಹಾಲುಹಲ್ಲು ಅಕಾಲದಲ್ಲಿ ಹೋದರೆ ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಮುಚ್ಚಿಹೋಗುತ್ತದೆ.

ಬಾಟಲಿಯಲ್ಲಿ ಸಿಹಿ ಹಾಲು ಕುಡಿಯುತ್ತಲೇ ನಿದ್ದೆಹೋಗುವ ಮಗುವಿನ ಬಾಯಿ ನೋಡಿ. ಮೇಲಿನ ನಾಲ್ಕು ಮುಂಹಲ್ಲುಗಳು ಬುಡದವರೆಗೆ ತಿಂದುಹೋಗಿರುತ್ತವೆ. ಕೆಳಗಿನವು ಬಿಳಿಯಾಗಿಯೇ ಇರುತ್ತವೆ. ಚೀಪುವಾಗ ನಾಲಿಗೆ ಕೆಳಹಲ್ಲುಗಳನ್ನು ಮುಚ್ಚಿರುತ್ತದೆ, ಜೊಲ್ಲಿನ ಗ್ರಂಥಿಗಳೂ ಅಲ್ಲೇ ತೆರೆದುಕೊಳ್ಳುತ್ತವೆ. ಒಂದು ವರ್ಷವಾದ ಮೇಲೆ ಲೋಟದಲ್ಲಿ ಕುಡಿಸಿ, ಮಲಗಿದ ಮೇಲೆ ನೀರಲ್ಲದೆ ಬೇರೇನೂ ಬೇಡ. ಪದೇ ಪದೇ ಕೊಡುವ ಸಿಹಿ ಸಿರಪ್ಪಿನ ಔಷಧಿಯೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಇನ್ನೊಂದು ಹಲ್ಲಿನ ಬಗ್ಗೆ ಪೋಷಕರು ಗಮನವಿಟ್ಟು ಕೇಳಬೇಕು. ಆರನೇ ವಯಸ್ಸಿನ ಆಸುಪಾಸು, ಹಾಲುಹಲ್ಲಿನ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ನಾಲ್ಕೂ ಮೂಲೆಗಳಲ್ಲಿ ಸದ್ದಿಲ್ಲದೆ ಒಂದೊಂದು ದವಡೆ ಹಲ್ಲು ಮೂಡುತ್ತದೆ. ಯಾವುದೂ ಬೀಳಲಿಲ್ಲವಾದ್ದರಿಂದ ಇದೂ ಹಾಲುಹಲ್ಲೇ ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಅದು ಶಾಶ್ವತ ಹಲ್ಲು, ಅಗಿಯುವ ಭಾರವನ್ನೆಲ್ಲ ಹೊರಬೇಕಾದದ್ದು. ಅದರ ಮೇಲಿನ ಗೀರುಗಳು ಬ್ರಷ್ಷಿನ ಎಳೆ ಇಳಿಯಲಾರದಷ್ಟು ಕಿರಿದು. ಮೂಡಿದ ಕೂಡಲೇ ಆ ಗೀರುಗಳಿಗೆ ಸೀಲಂಟ್ ಎಂಬ ತೆಳು ಲೇಪ ಹಾಕಿಸಿದರೆ ಹುಳುಕಿಗೆ ಬಾಗಿಲು ಮುಚ್ಚಿದಂತೆ. ಚುಚ್ಚುವುದಿಲ್ಲ, ಕೊರೆಯುವುದಿಲ್ಲ, ಕೆಲವೇ ನಿಮಿಷಗಳ ಕೆಲಸ.

6. ಚಿಕಿತ್ಸೆ ಬದಲಾಗಿದೆ

ಹುಳುಕಿನ ಅಂಶವನ್ನೆಲ್ಲ ಕೊರೆದು ತೆಗೆದು ದೊಡ್ಡ ಕುಳಿ ಮಾಡಿ ತುಂಬುವುದು ಹಳೆಯ ಪಾಠ. ಕುಳಿಯ ಅಂಚನ್ನು ಸ್ವಚ್ಛಗೊಳಿಸಿ, ಮಜ್ಜೆಯ ಸಮೀಪದ ಮೆತ್ತನೆಯ ಪದರವನ್ನು ಹಾಗೆಯೇ ಬಿಟ್ಟು ಮೇಲೆ ಭದ್ರವಾಗಿ ಮುಚ್ಚಿದರೆ, ಒಳಗೆ ಉಳಿದ ಬ್ಯಾಕ್ಟೀರಿಯಾಗಳು ಆಹಾರವಿಲ್ಲದೆ ಸೊರಗುತ್ತವೆ ಎಂಬುದು ಇಂದಿನ ಪಾಠ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ, ವಿದ್ಯುತ್ತಿಲ್ಲದ ಹಳ್ಳಿಗಳಿಗಾಗಿ, ಕೈ ಉಪಕರಣಗಳಿಂದಲೇ ಹುಳುಕನ್ನು ಕೆರೆದು ಸಿಮೆಂಟ್ ತುಂಬುವ ವಿಧಾನ ರೂಪುಗೊಂಡಿತು. ಈಗ ಅದಕ್ಕೆ ಬಳಸುವ ಗ್ಲಾಸ್ ಅಯಾನೊಮರ್ ಸಿಮೆಂಟು ಹಲ್ಲಿಗೆ ತಾನೇ ಅಂಟಿಕೊಳ್ಳುತ್ತದೆ, ಫ್ಲೋರೈಡನ್ನೂ ಬಿಡುತ್ತದೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಕುಳಿಗೆ ಸವರಿದರೆ ಎಷ್ಟೋ ಹುಳುಕುಗಳು ಅಲ್ಲೇ ನಿಲ್ಲುತ್ತವೆ. ಜಾಗ ಕಪ್ಪಾಗುತ್ತದೆ, ನಿಜ. ಕುರ್ಚಿಯಲ್ಲಿ ಕೂರಲೊಪ್ಪದ ಮೂರು ವರ್ಷದ ಮಗುವಿಗೆ ಆ ಕಪ್ಪು ಒಂದು ದೊಡ್ಡ ನಷ್ಟವಲ್ಲ.

ಹುಳುಕು ಮಜ್ಜೆ ಮುಟ್ಟಿದರೆ ಸಾಮಾನ್ಯವಾಗಿ ರೂಟ್ ಕೆನಾಲ್ ಮಾಡಿಸಬೇಕು ಅಥವಾ ಹಲ್ಲು ಕೀಳಿಸಬೇಕಾಗುತ್ತದೆ. ಜುಮ್ಮೆನ್ನುವುದು ಮೊದಲ ಸೂಚನೆ. ರಾತ್ರಿ ಎಬ್ಬಿಸುವ, ತಾನಾಗಿ ಬರುವ ನೋವು ಮಜ್ಜೆ ಊದಿಕೊಂಡಿದೆ ಎಂಬುದರ ಗುರುತು. ಆಮೇಲೆ ಒಂದು ದಿನ ನೋವು ತಟ್ಟನೆ ನಿಂತುಬಿಡಬಹುದು. ವಾಸಿಯಾಯಿತು ಎಂದು ನೆಮ್ಮದಿಯಾಗಬೇಡಿ, ಮಜ್ಜೆ ಸತ್ತಿರಬಹುದು; ಕೀವು ಬೇರಿನ ತುದಿಯಲ್ಲಿ ಬೆಳೆಯುತ್ತಿರಬಹುದು. ಲವಂಗದ ಎಣ್ಣೆಯಲ್ಲಿರುವ ಯೂಜೆನಾಲ್ ತಾತ್ಕಾಲಿಕವಾಗಿ ಮರಗಟ್ಟಿಸುತ್ತದೆ, ಅಷ್ಟೇ. ಆ್ಯಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಟ್ಟರೆ ಅಲ್ಲಿ ಸುಟ್ಟ ಗಾಯವಾಗುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ನುಂಗುವ ಆ್ಯಂಟಿಬಯಾಟಿಕ್ ಹುಳುಕನ್ನು ಗುಣಪಡಿಸುವುದಿಲ್ಲ. ದವಡೆಯ ಕೆಳಗೆ ಊತ ಬಂದು, ಬಾಯಿ ತೆರೆಯಲಾಗದೆ, ನುಂಗಲು ಉಸಿರಾಡಲು ಕಷ್ಟವಾದರೆ ಅದು ಜೀವಕ್ಕೆ ಅಪಾಯ. ಶಾಖ ಕೊಡುತ್ತಾ ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಭಯ ಈಗಲೂ ಇದೆ. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. ಗರ್ಭಿಣಿಯರು ಹೆರಿಗೆಯವರೆಗೆ ನೋವು ತಿನ್ನಬೇಕಿಲ್ಲ. ನಡುವಿನ ಮೂರು ತಿಂಗಳು ಚಿಕಿತ್ಸೆಗೆ ಅನುಕೂಲ ಕಾಲ.

7. ನಾವು ಕೇಳಬೇಕಾದದ್ದು

ದೇಶದಲ್ಲಿ ದಂತ ವೈದ್ಯಕೀಯ ಕಾಲೇಜುಗಳು ಅತಿ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಷ್ಟು ಹಿಂದಿನದು. ಆದರೂ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಂತವೈದ್ಯರು ಸಾಮಾನ್ಯವಾಗಿ ಇರುವುದಿಲ್ಲ. ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆ ನಮ್ಮಲ್ಲಿದೆ. ಅದು ಬೇಕೇ ಬೇಕು. ಆದರೆ ಹಲ್ಲು ಹೋದ ಮೇಲೆ ಸಿಗುವ ಭಾಗ್ಯಕ್ಕಿಂತ ಹಲ್ಲು ಇರುವಾಗಿನ ಭಾಗ್ಯ ಅಗ್ಗ.

ಹೇಗೆ ಎಂಬುದಕ್ಕೆ ಸ್ಕಾಟ್ಲೆಂಡ್ ಉತ್ತರ ಕೊಟ್ಟಿದೆ. ಅಲ್ಲಿನ ಚೈಲ್ಡ್‌ಸ್ಮೈಲ್ ಕಾರ್ಯಕ್ರಮದಲ್ಲಿ ಶಿಶುವಿಹಾರದ ಮಕ್ಕಳು ದಿನವೂ ಶಿಕ್ಷಕಿಯ ಕಣ್ಣೆದುರು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುತ್ತಾರೆ. 2000ದ ಸುಮಾರಿಗೆ ಒಂದನೇ ತರಗತಿಗೆ ಬರುತ್ತಿದ್ದ ಮಕ್ಕಳಲ್ಲಿ ಹುಳುಕಿಲ್ಲದವರು ಅರ್ಧಕ್ಕಿಂತ ಕಡಿಮೆ. ಈಚಿನ ವರ್ಷಗಳಲ್ಲಿ ಹತ್ತರಲ್ಲಿ ಏಳು ಮಂದಿ. ನಮ್ಮಲ್ಲಿ ಅಂಗನವಾಡಿಗಳಿವೆ, ಮಧ್ಯಾಹ್ನದ ಬಿಸಿಯೂಟವಿದೆ, ಊಟದ ಮೊದಲು ಕೈ ತೊಳೆಸುವ ಶಿಸ್ತು ಬಂದಿದೆ. ಅದಕ್ಕೆ ಹಲ್ಲುಜ್ಜುವ ಎರಡು ನಿಮಿಷ ಸೇರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಫ್ಲೋರೈಡ್ ಪೇಸ್ಟು, ಸಿಲ್ವರ್ ಡೈಅಮೈನ್ ಫ್ಲೋರೈಡ್, ಗ್ಲಾಸ್ ಅಯಾನೊಮರ್ ಸಿಮೆಂಟುಗಳನ್ನು ಸೇರಿಸಿತು. ಮೂರಕ್ಕೂ ಡ್ರಿಲ್ ಬೇಡ, ವಿದ್ಯುತ್ ಬೇಡ. ಇವು ನಮ್ಮ ಆರೋಗ್ಯ ಕೇಂದ್ರಗಳ ಕಪಾಟಿನಲ್ಲಿ ಏಕಿಲ್ಲ ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಮಗಿದೆ. ರಸ್ತೆ, ಚರಂಡಿ, ಬೀದಿದೀಪದ ಬಗ್ಗೆ ಕೇಳುವಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬೇಕು.

ಇಲ್ಲಿರುವ ಶಿಕ್ಷಕರಲ್ಲಿ ನನ್ನದೊಂದು ಮನವಿ. ಒಂದನೇ ತರಗತಿಗೆ ಮಗು ಸೇರುವ ದಿನ ಎತ್ತರ, ತೂಕ ಬರೆದುಕೊಳ್ಳುತ್ತೀರಿ. ಅದರ ಜೊತೆಗೆ ಬಾಯಿ ತೆರೆಸಿ, ಟಾರ್ಚ್ ಹಿಡಿದು, ಹಿಂಬದಿಯ ನಾಲ್ಕು ಹೊಸ ದವಡೆ ಹಲ್ಲುಗಳು ಬಂದಿವೆಯೇ ಎಂದು ನೋಡಿ, ಬಂದಿದ್ದರೆ ಪೋಷಕರಿಗೆ ಒಂದು ಚೀಟಿ ಬರೆದು ಕಳುಹಿಸಿ: ಈ ಹಲ್ಲು ಮತ್ತೆ ಬರುವುದಿಲ್ಲ, ಈ ತಿಂಗಳೇ ಒಮ್ಮೆ ತೋರಿಸಿ. ಹುಳುಕನ್ನು ಅದು ನೋಯಿಸುವ ಮೊದಲೇ ಹಿಡಿಯುವ ಕೆಲಸ ಆ ಚೀಟಿಯಿಂದ ಶುರುವಾಗಬಹುದು.